ಎತ್ತಿಕೊ, ತಳ್ಳು, ಎಳೆ

ಒಂದು ರಬ್ಬರ್ ಕೋಳಿ. ಅದರ ಹೊಟ್ಟೆಯ ನಟ್ಟನಡುವೆ ಒಂದು ರಾಟೆ. ಬಾವಿಯ ಮೇಲೆ ಇರುತ್ತಲ್ಲ, ಅಂಥದ್ದೇ, ಚಿಕ್ಕದು. ಇದನ್ನು ಯಾರು ಮಾಡಿದರು, ಯಾಕೆ ಮಾಡಿದರು ಅಂತ ಯಾರೂ ಹೇಳುವುದಿಲ್ಲ. ಹಳೇ ಕಂಪ್ಯೂಟರ್ ಗೇಮೊಂದರಲ್ಲಿ, ಮಾಟಗಾತಿಯ ಅಂಗಡಿಯಲ್ಲಿ ಬಿದ್ದಿರುತ್ತದೆ. ನೀವು ಎತ್ತಿ ಜೇಬಿಗೆ ಹಾಕಿಕೊಳ್ಳಬೇಕು, ಅಷ್ಟೇ.

"ಇದು ಯಾತಕ್ಕಪ್ಪಾ?" ಎಂದಳು ಮಗಳು.

"ಇರಲಿ ಬಿಡು, ಯಾವಾಗಲಾದ್ರೂ ಬೇಕಾಗುತ್ತೆ" ಎಂದೆ.

ಅಂದ ಮೇಲೆ ನನಗೇ ನಗು ಬಂತು. ಅದು ನನ್ನ ಮಾತಲ್ಲ, ಅಮ್ಮನದು. ಅಮ್ಮನ ಅಡುಗೆಮನೆಯಲ್ಲಿ ಒಂದು ಡ್ರಾಯರ್ ಇದೆ. ತೊಳೆದು ಒಣಗಿಸಿದ ಹಾಲಿನ ಕವರು, ಸ್ವೀಟ್ ಡಬ್ಬದ ದಾರ, ಬೀಗ ಕಳೆದುಹೋದ ಮೂರು ಕೀಲಿ, ಹಳೇ ಕುಕ್ಕರಿನ ವೆಯ್ಟು. ಯಾವುದನ್ನು ಬಿಸಾಡಲು ಹೋದರೂ ಇದೇ ಮಾತು: ಇರಲಿ ಬಿಡು, ಬೇಕಾಗುತ್ತೆ. ಮೂವತ್ತು ವರ್ಷ ಈ ವಿಷಯಕ್ಕೆ ಅಮ್ಮನ ಜೊತೆ ಜಗಳ ಆಡಿದವನು ನಾನು. ಈಗ ಕಂಪ್ಯೂಟರಿನ ಮುಂದೆ ಕೂತು, ಸಿಕ್ಕಸಿಕ್ಕಿದ್ದನ್ನೆಲ್ಲ ಜೇಬಿಗೆ ತುಂಬುವುದನ್ನು ಮಗಳಿಗೆ ಹೇಳಿಕೊಡುತ್ತಿದ್ದೆ.

ನಾವು ಆಡುತ್ತಿದ್ದದ್ದು 'ದಿ ಸೀಕ್ರೆಟ್ ಆಫ್ ಮಂಕಿ ಐಲೆಂಡ್'. 1990ರ ಗೇಮು. ಲ್ಯೂಕಾಸ್‌ಫಿಲ್ಮ್ ಗೇಮ್ಸ್ ಕಂಪನಿಯ ರಾನ್ ಗಿಲ್ಬರ್ಟ್, ಟಿಮ್ ಶೇಫರ್, ಡೇವ್ ಗ್ರಾಸ್‌ಮನ್ ಸೇರಿ ಮಾಡಿದ್ದು. ಗೈಬ್ರಷ್ ಥ್ರೀಪ್‌ವುಡ್ ಅಂತ ಒಬ್ಬ ಹುಡುಗ, ಸಣಕಲ. ಕೆರಿಬಿಯನ್ ಸಮುದ್ರದ ಒಂದು ದ್ವೀಪಕ್ಕೆ ಬಂದಿಳಿದು, ನಾನು ಕಡಲ್ಗಳ್ಳ ಆಗಬೇಕು ಅನ್ನುತ್ತಾನೆ. ಬ್ಯಾಂಕ್ ಪರೀಕ್ಷೆಗೆ ಕಟ್ಟಬೇಕು ಅನ್ನುವಷ್ಟು ವಿನಯದಿಂದ ಅನ್ನುತ್ತಾನೆ. ಹೆಸರು ವಿಚಿತ್ರ ಅಲ್ವಾ? ಚಿತ್ರ ಬರೆಯುವಾಗ ಅವನಿಗಿನ್ನೂ ಹೆಸರಿಟ್ಟಿರಲಿಲ್ಲವಂತೆ, ಎಲ್ಲರೂ 'ಗೈ' ಅಂತಲೇ ಕರೆಯುತ್ತಿದ್ದರಂತೆ. ಡೀಲಕ್ಸ್ ಪೇಂಟ್ ಎಂಬ ತಂತ್ರಾಂಶದಲ್ಲಿ ಆ ಚಿತ್ರದ ಫೈಲು 'ಬ್ರಷ್' ಆಗಿ ಉಳಿಯಿತು. ಗೈ ಮತ್ತು ಬ್ರಷ್ ಸೇರಿ ನಾಯಕನ ಹೆಸರೇ ಆಗಿಹೋಯಿತು.

ನಾನು ಇದನ್ನು ಮೊದಲು ನೋಡಿದ್ದು ಎಂಜಿನಿಯರಿಂಗ್ ಓದುವಾಗ, ತೊಂಬತ್ತರ ದಶಕದಲ್ಲಿ. ಸೀನಿಯರ್ ಒಬ್ಬನ ಬಳಿ ರಬ್ಬರ್ ಬ್ಯಾಂಡ್ ಹಾಕಿದ ಫ್ಲಾಪಿ ಡಿಸ್ಕುಗಳ ಕಟ್ಟು ಇತ್ತು. ಕಾಪಿ ಹೊಡೆದದ್ದು ಅಂತ ಬೇರೆ ಹೇಳಬೇಕಾಗಿಲ್ಲ. ಕದಿಯುವವರನ್ನು ತಡೆಯಲು ಕಂಪನಿಯವರು ರಟ್ಟಿನ ಚಕ್ರವೊಂದನ್ನು ಕೊಟ್ಟಿದ್ದರು. ಒಂದರ ಮೇಲೊಂದು ಎರಡು ಬಿಲ್ಲೆ. ತಿರುಗಿಸಿದರೆ ಒಬ್ಬನ ಹಣೆಗೆ ಇನ್ನೊಬ್ಬನ ಗಡ್ಡ ಸೇರಿ ಒಂದು ಮುಖ ಆಗುತ್ತದೆ. ಪರದೆಯ ಮೇಲಿನ ಮುಖವನ್ನು ಚಕ್ರದಲ್ಲಿ ಹೊಂದಿಸಿ, ಕಿಂಡಿಯಲ್ಲಿ ಕಾಣುವ ಇಸವಿ ಒತ್ತಿದರೆ ಮಾತ್ರ ಗೇಮು ಶುರು. ನಮ್ಮ ಸೀನಿಯರ್ ಆ ಚಕ್ರವನ್ನೂ ಜೆರಾಕ್ಸ್ ಮಾಡಿಸಿ, ನೋಟ್‌ಬುಕ್ಕಿನ ರಟ್ಟಿಗೆ ಅಂಟಿಸಿ, ನಡುವೆ ಗುಂಡುಪಿನ್ನು ಚುಚ್ಚಿದ್ದ. ಕಡಲ್ಗಳ್ಳರ ಗೇಮನ್ನೇ ಕದ್ದು ಆಡುತ್ತಿದ್ದೇವೆ ಅನ್ನುವ ತಮಾಷೆ ಆಗ ಯಾರಿಗೂ ಹೊಳೆಯಲಿಲ್ಲ.

ಗೇಮಿನ ಕಾಡಿನಲ್ಲಿ ಒಂದು ಮರದ ಬೊಡ್ಡೆ ಇತ್ತು. ಅದರ ಮೇಲೆ ಕ್ಲಿಕ್ ಮಾಡಿದರೆ, ಕೆಳಗೆ ಸುರಂಗಗಳ ಜಾಲವೇ ಇದೆ ಅನ್ನುತ್ತಾನೆ ಗೈಬ್ರಷ್. ಆಮೇಲೆ 22ನೇ ಡಿಸ್ಕ್ ಹಾಕಿ ಎಂಬ ಸೂಚನೆ. ಆಮೇಲೆ 36. ಆಮೇಲೆ 114. ನಾವು ಬೆವೆತುಹೋದೆವು. ಪೂರ್ತಿ ಕೊಟ್ಟಿಲ್ಲ ಅಂತ ಸೀನಿಯರ್ ಜೊತೆ ಜಗಳಕ್ಕೆ ಹೋದೆವು. ಅಂಥ ಡಿಸ್ಕುಗಳೇ ಇಲ್ಲ, ಅದು ಬರೀ ಜೋಕ್ ಅಂತ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ದುಡ್ಡು ಕೊಟ್ಟು ಕೊಂಡವರೂ ನಮ್ಮ ಹಾಗೇ ಗಾಬರಿಯಾಗಿ ಕಂಪನಿಗೆ ಫೋನ್ ಮಾಡುತ್ತಿದ್ದರಂತೆ. ಸಿಡಿಯಲ್ಲಿ ಬಂದ ಆವೃತ್ತಿಯಲ್ಲಿ ಅದನ್ನು ತೆಗೆದೇಬಿಟ್ಟರು. ಮಗಳಿಗೆ ತೋರಿಸೋಣ ಅಂತ ಆಸೆಯಿಂದ ಕಾಡಿಗೆ ಕರೆದುಕೊಂಡು ಹೋದೆ. ನಮ್ಮದು ಸಿಡಿ ಆವೃತ್ತಿ, ಸ್ಕಮ್‌ವಿಎಂ ಎಂಬ ಪುಕ್ಕಟೆ ತಂತ್ರಾಂಶದಲ್ಲಿ ಓಡುವಂಥದ್ದು. ಜೋಕ್ ಇರಲಿಲ್ಲ. ಇಲ್ಲದ ಜೋಕನ್ನು ವಿವರಿಸಲು ಹೋಗಿ ಕಾಲು ಗಂಟೆ ಹಾಳು ಮಾಡಿದೆ. ಅವಳು ಪಾಪ, ಸುಮ್ನೆ ನಕ್ಕಳು.

ಕಾಲೇಜು ದಿನಗಳಲ್ಲಿ ನಾನು ಒಂದು ಸೇತುವೆ ದಾಟಲಿಲ್ಲ. ಅಲ್ಲೊಂದು ಭೂತ, ಟ್ರೋಲ್ ಅಂತ ಅದರ ಜಾತಿ. ಎಲ್ಲರ ಗಮನ ಸೆಳೆಯುವ, ಆದರೆ ಯಾವ ಮಹತ್ವವೂ ಇಲ್ಲದ ವಸ್ತು ಕೊಟ್ಟರೆ ದಾಟಲು ಬಿಡುತ್ತೇನೆ ಅನ್ನುತ್ತದೆ. ಇದ್ದದ್ದನ್ನೆಲ್ಲ ಕೊಟ್ಟು ನೋಡಿದೆ. ಬೇಕಾಗಿದ್ದದ್ದು ಒಂದು ಮೀನು. ಬಾರಿನ ಅಡುಗೆಮನೆಯ ಹಿಂಬಾಗಿಲಲ್ಲಿ ಕಡಲಹಕ್ಕಿಯೊಂದು ಕಾಯುತ್ತಿರುತ್ತದೆ. ಸಡಿಲವಾದ ಹಲಗೆಯನ್ನು ತುಳಿದು ಹಕ್ಕಿ ಹಾರಿಸಿ ಆ ಮೀನನ್ನು ಕದಿಯಬೇಕು. ಕೆಂಪು ಹೆರಿಂಗ್ ಮೀನು. ದಾರಿ ತಪ್ಪಿಸುವ ಸುಳಿವಿಗೆ ಇಂಗ್ಲಿಷಿನಲ್ಲಿ 'ರೆಡ್ ಹೆರಿಂಗ್' ಅನ್ನುತ್ತಾರೆ ಅಂತ ಗೊತ್ತಿದ್ದವನಿಗೆ ಇದು ಚಿಟಿಕೆ ಹೊಡೆಯುವಷ್ಟು ಸುಲಭ. ನನಗೆ ಗೊತ್ತಿರಲಿಲ್ಲ. ಥರ್ಮೋಡೈನಮಿಕ್ಸ್ ಪಾಸಾಯಿತು, ಸೇತುವೆ ಪಾಸಾಗಲಿಲ್ಲ.

ಹಾಗಂತ ಎಲ್ಲದಕ್ಕೂ ಇಂಗ್ಲಿಷನ್ನೇ ದೂರುವ ಹಾಗಿಲ್ಲ. ಸರ್ಕಸ್ ಅಣ್ಣತಮ್ಮಂದಿರಿಬ್ಬರು ಫಿರಂಗಿಯಿಂದ ಗೈಬ್ರಷ್‌ನನ್ನು ಹಾರಿಸಲು ನೋಡುತ್ತಿರುತ್ತಾರೆ. ಕೂಲಿ 478 ನಾಣ್ಯ. ಆದರೆ ಹೆಲ್ಮೆಟ್ ಇರಲೇಬೇಕು. ನಾನು ಅಂದು ದ್ವೀಪವೆಲ್ಲ ಹೆಲ್ಮೆಟ್ ಹುಡುಕಿದ್ದೆ. ಮಗಳು ಒಂದು ಕ್ಷಣ ಯೋಚನೆ ಮಾಡಲಿಲ್ಲ. ಬಾರಿನ ಅಡುಗೆಮನೆಯಿಂದ ಎತ್ತಿಕೊಂಡ ಪಾತ್ರೆ ಕೊಟ್ಟಳು. ಅವಳಿಗೆ ಪಾತ್ರೆ ಅಂದರೆ ತಲೆಗೆ ಹಾಕಿಕೊಳ್ಳುವ ವಸ್ತುವೇ.

ಈ ಥರದ ಗೇಮಿಗೆ ಪಾಯಿಂಟ್ ಅಂಡ್ ಕ್ಲಿಕ್ ಅನ್ನುತ್ತಾರೆ. ಪರದೆಯ ಕೆಳಗೆ ಒಂಬತ್ತು ಕ್ರಿಯಾಪದ. ಕೊಡು, ಎತ್ತಿಕೊ, ಬಳಸು, ತೆರೆ, ಮುಚ್ಚು, ನೋಡು, ಮಾತಾಡು, ತಳ್ಳು, ಎಳೆ. ಒಂದು ಕ್ರಿಯಾಪದ ಒತ್ತಿ, ಒಂದು ವಸ್ತು ಒತ್ತಿದರೆ ವಾಕ್ಯ ಆಯಿತು. ಓಡುವುದು, ಗುಂಡು ಹಾರಿಸುವುದು ಯಾವುದೂ ಇಲ್ಲ. ಬೆರಳಿನ ಚುರುಕು ಬೇಕಾಗಿಲ್ಲ. ನನ್ನಂಥವನಿಗೆ ಹೇಳಿ ಮಾಡಿಸಿದ್ದು.

ಇನ್ನೊಂದು ಸುಖ ಇದೆ. ಇಲ್ಲಿ ಒಂದು ಜಾಗ ಬಿಟ್ಟರೆ ಸಾಯುವುದಿಲ್ಲ. ಆ ಕಾಲದ ಬೇರೆ ಸಾಹಸದ ಗೇಮುಗಳಲ್ಲಿ ಕಾಲು ಜಾರಿದರೆ ಸಾವು, ಮೊದಲ ಊರಿನಲ್ಲಿ ಒಂದು ವಸ್ತು ಬಿಟ್ಟು ಬಂದಿದ್ದರೆ ಕೊನೆಯ ಊರಿನಲ್ಲಿ ತಲೆಯ ಮೇಲೆ ಕೈ. ಇದು ಸರಿಯಲ್ಲ, ಆಡುವವನನ್ನು ಶಿಕ್ಷಿಸಬಾರದು ಅಂತ ಗಿಲ್ಬರ್ಟ್ 1989ರಲ್ಲೇ ಒಂದು ಲೇಖನ ಬರೆದು ವಾದ ಮಾಡಿದ್ದರು. ಇಲ್ಲಿ ಗೈಬ್ರಷ್ ಬಂಡೆಯಿಂದ ಬೀಳುತ್ತಾನೆ. ಮುಗೀತು, ಮೊದಲಿನಿಂದ ಶುರು ಮಾಡಿ ಅಂತ ಪರದೆಯ ಮೇಲೆ ಬರುತ್ತದೆ. ಮಗಳು "ಅಯ್ಯೋ!" ಅಂದಳು. ಅಷ್ಟರಲ್ಲಿ ಅವನು ಪುಟಿದು ಮೇಲೆ ಬಂದು ನಿಂತ. ಕೆಳಗೆ ರಬ್ಬರ್ ಮರ ಇತ್ತಂತೆ.

ಆದರೆ ಈ ಗೇಮಿನ ಜೀವ ಇರುವುದು ಕತ್ತಿವರಸೆಯಲ್ಲಿ. ಅಲ್ಲಿ ಕತ್ತಿಗಿಂತ ನಾಲಿಗೆ ಮುಖ್ಯ. ಎದುರಾಳಿ ಬೈಯುತ್ತಾನೆ, ನೀವು ತಕ್ಕ ಉತ್ತರ ಕೊಟ್ಟರೆ ನಿಮ್ಮ ಕತ್ತಿ ಮುಂದೆ ಹೋಗುತ್ತದೆ. "ಒಳ್ಳೆ ಹಾಲು ಕರೆಯೋನ ಥರ ಕತ್ತಿ ಬೀಸ್ತೀಯಲ್ಲೋ!" ಅಂತ ಅವನು. "ಸರಿಯಾಗೇ ಇದೆ, ನೀನು ಹಸುವಿನ ಥರ ಬೀಸ್ತೀಯ" ಅಂತ ನೀವು. ಇದನ್ನು ಯಾವ ಮೇಷ್ಟ್ರೂ ಬಾಯಿಪಾಠ ಮಾಡಿಸುವುದಿಲ್ಲ. ದಾರಿಯಲ್ಲಿ ಸಿಕ್ಕ ಕಳ್ಳರ ಹತ್ತಿರ ಬೈಸಿಕೊಂಡು, ಸೋತು, ಆ ಬೈಗುಳ ನೆನಪಿಟ್ಟುಕೊಂಡು, ಇನ್ನೊಬ್ಬನ ಮೇಲೆ ಪ್ರಯೋಗಿಸಿ, ಅವನು ಕೊಟ್ಟ ಉತ್ತರ ಕದ್ದುಕೊಂಡು, ಹೀಗೆ ಕಲಿಯಬೇಕು. ನಲ್ಲಿಯ ಹತ್ತಿರ ಕೊಡಕ್ಕೆ ಕೊಡ ತಾಗಿದಾಗ ನಮ್ಮ ಬೀದಿಯ ಹೆಂಗಸರು ಕಲಿತದ್ದೂ ಇದೇ ಕ್ರಮದಲ್ಲಿ.

ಕೊನೆಗೆ ಕತ್ತಿವರಸೆಯ ಗುರು ಕಾರ್ಲಾ ಎದುರಾಗುತ್ತಾಳೆ. ಅವಳ ಬೈಗುಳಗಳೆಲ್ಲ ಹೊಸವು. ಹಳೆಯ ಉತ್ತರಗಳನ್ನೇ ಅವಕ್ಕೆ ಹೊಂದಿಸಬೇಕು. ಕಳ್ಳನೊಬ್ಬ, "ನಿನಗಿಂತ ಬುದ್ಧಿ ಇರೋ ನಾಯಿ ಸಾಕಿದ್ದೆ ನಾನು" ಅಂದಿದ್ದ. ಉತ್ತರ, "ನೀನು ಕಲಿತದ್ದೆಲ್ಲ ಅದರ ಹತ್ರಾನೇ ಅಂತ ಕಾಣುತ್ತೆ." ಕಾರ್ಲಾ, "ಇಂಥ ಹೇಡಿಯನ್ನ ಒಂದೇ ಒಂದು ಸಲ ನೋಡಿದ್ದೆ" ಅನ್ನುತ್ತಾಳೆ. ಅದಕ್ಕೂ ಅದೇ ಉತ್ತರ. ಮಗಳಿಗೆ ಕನ್ನಡದಲ್ಲಿ ಹೇಳುವಾಗ ಎಡವಿದೆ. ಇಂಗ್ಲಿಷಿನ 'ಹಿ' ನಾಯಿಗೂ ಆಯಿತು, ಹೇಡಿಗೂ ಆಯಿತು. ನಮ್ಮಲ್ಲಿ ನಾಯಿ 'ಅದು', ಹೇಡಿ 'ಅವನು'. "ಪಕ್ಕದ ಮನೆ ಆಂಟಿ ಅವರ ನಾಯೀನ ಅವನು ಅಂತಾರಲ್ಲಪ್ಪ" ಎಂದು ಮಗಳು ಗಂಟು ಬಿಡಿಸಿದಳು. ಮಾರನೇ ದಿನ ಬೆಳಗ್ಗೆ, ನಿನ್ನ ವಯಸ್ಸಿಗೆ ನಾನೇ ನನ್ನ ಬಟ್ಟೆ ಒಗೀತಿದ್ದೆ ಅಂದೆ. "ನೀನು ಕಲಿತದ್ದೆಲ್ಲ ಅಷ್ಟೇ ಅಂತ ಕಾಣುತ್ತೆ" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಒಂದು ಹೆಜ್ಜೆ ಹಿಂದೆ ಸರಿದೆ.

ರಾಟೆಯ ಕೋಳಿ ಏನಾಯಿತು ಅಂದರೆ, ಒಂದು ಪುಟ್ಟ ದ್ವೀಪಕ್ಕೆ ಕಟ್ಟಿದ ಹಗ್ಗಕ್ಕೆ ಅದನ್ನು ಸಿಕ್ಕಿಸಿ ಜಾರಿಕೊಂಡು ಹೋಗುವುದಕ್ಕೆ ಬಂತು. ಇದನ್ನು ಅಮ್ಮನಿಗೆ ಹೇಳಲಿಲ್ಲ. ಹೇಳಿದ್ದರೆ ಆ ಡ್ರಾಯರ್ ಈ ಜನ್ಮದಲ್ಲಿ ಖಾಲಿಯಾಗುತ್ತಿರಲಿಲ್ಲ.

ಅಮ್ಮನಿಗೆ ನಮ್ಮ ಮೇಲೆ ಸಿಟ್ಟಿತ್ತು. ಲ್ಯಾಪ್‌ಟಾಪನ್ನು ಟೀವಿಗೆ ಸಿಕ್ಕಿಸಿ ಆಡುತ್ತಿದ್ದೆವು, ಅವಳ ಸೀರಿಯಲ್ ಹೊತ್ತು ಮೀರುತ್ತಿತ್ತು. ಆ ರಾತ್ರಿ ಗೈಬ್ರಷ್ ಸಮುದ್ರದ ತಳದಲ್ಲಿದ್ದ. ದುಷ್ಟ ಶೆರಿಫ್ ಅವನನ್ನು ಒಂದು ಭಾರದ ವಿಗ್ರಹಕ್ಕೆ ಹಗ್ಗದಿಂದ ಕಟ್ಟಿ ನೀರಿಗೆ ದೂಡಿದ್ದ. ಹುಡುಗ ಹತ್ತು ನಿಮಿಷ ಉಸಿರು ಕಟ್ಟಬಲ್ಲ. ಸುತ್ತ ಕತ್ತಿ, ಚಾಕು, ಹರಿತವಾದದ್ದು ಏನೇನೋ ಬಿದ್ದಿವೆ. ಯಾವುದೂ ಕೈಗೆ ಎಟುಕುವುದಿಲ್ಲ, ಹಗ್ಗ ಒಂದು ಗೇಣು ಗಿಡ್ಡ. ಚಾಕು ಎತ್ತಿಕೊ ಅಂದೆವು, ಆಗಲ್ಲ. ಕತ್ತಿ ಎಳೆ ಅಂದೆವು, ಆಗಲ್ಲ. ಇಡೀ ಗೇಮಿನಲ್ಲಿ ಸಾಯುವುದು ಸಾಧ್ಯ ಇರುವ ಜಾಗ ಇದೊಂದೇ. ಹತ್ತು ನಿಮಿಷ ಮೀರಿದರೆ ಕೆಳಗಿನ ಕ್ರಿಯಾಪದಗಳೇ ಬದಲಾಗಿ, ತೇಲು, ಊದಿಕೊ, ಕೊಳೆ ಅಂತ ಬರುತ್ತವೆ. ಅದನ್ನೂ ಒಂದು ಸಲ ನೋಡಿದೆವು, ಬೇಕಂತಲೇ. ಎರಡನೇ ಸಲ ಎಂಟು ನಿಮಿಷ ಆಗಿತ್ತು.

ಅಡುಗೆಮನೆಯಿಂದ ಅಮ್ಮ ಕೂಗಿದಳು. "ಊಟ ಆರೋಗ್ತಾ ಇದೆ. ಸಾಕು, ಅದನ್ನ ಎತ್ತಿಟ್ಟು ಬನ್ನಿ!"

ಮಗಳು ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. ಹಗ್ಗ ಕತ್ತರಿಸುವುದನ್ನೇ ಯೋಚಿಸುತ್ತಿದ್ದೆವಲ್ಲ, ಹಗ್ಗದ ಆ ತುದಿಗೆ ಇದ್ದದ್ದನ್ನು ಒಮ್ಮೆಯೂ ಮುಟ್ಟಿರಲಿಲ್ಲ. ಎತ್ತಿಕೊ. ವಿಗ್ರಹ. ಗೈಬ್ರಷ್ ಬಗ್ಗಿ ವಿಗ್ರಹವನ್ನು ಎತ್ತಿ ಕೋಟಿನೊಳಗೆ ತುರುಕಿಕೊಂಡ. ಹಾಗೇ ನಡೆದುಕೊಂಡು ಮೇಲೆ ಬಂದ.

"ಅಜ್ಜೀ! ಎತ್ತಿದ!" ಅಂತ ಮಗಳು ಅಡುಗೆಮನೆಗೆ ಓಡಿದಳು.

"ಯಾರು, ಏನನ್ನ?" ಅಂದಳು ಅಮ್ಮ, ಅನ್ನದ ಸೌಟು ಹಿಡಿದುಕೊಂಡು.

ಮುಂದಿನ ಭಾಗಗಳನ್ನು ಬೇಗ ಮುಗಿಸಿದೆವು. ಮಂಕಿ ಐಲೆಂಡ್ ದ್ವೀಪ ನನಗೆ ಅಷ್ಟು ರುಚಿಸಲಿಲ್ಲ, ಓಡಾಟ ಜಾಸ್ತಿ, ಮಾತು ಕಮ್ಮಿ. ಲಚಕ್ ಎಂಬ ದೆವ್ವದ ಕಳ್ಳನನ್ನು ರೂಟ್ ಬಿಯರ್ ಎಂಬ ಸೋಡಾ ಎರಚಿ ಮುಗಿಸುವುದು ಮಾತ್ರ ಮಜವಾಗಿತ್ತು. ಎಲ್ಲ ಆದ ಮೇಲೆ ಗೈಬ್ರಷ್, ತಾನು ಕಲಿತ ಪಾಠ ಇದು ಅಂತ ಹೇಳುತ್ತಾನೆ: ಕಂಪ್ಯೂಟರ್ ಗೇಮಿಗೆ 20 ಡಾಲರ್‌ಗಿಂತ ಜಾಸ್ತಿ ಕೊಡಬಾರದು. ಗುಂಡುಪಿನ್ನಿನ ಚಕ್ರ ನೆನಪಾಗಿ ನಾನು ಕಿಟಕಿಯ ಕಡೆ ನೋಡಿದೆ.

"ಮುಗೀತಾ?" ಅಂದಳು ಅಮ್ಮ.

"ಮುಗೀತಮ್ಮ. ಇದರದ್ದು ಎರಡನೇ ಭಾಗ ಒಂದಿದೆ."

ಅಮ್ಮ ಮಾತಾಡಲಿಲ್ಲ. ರಿಮೋಟ್ ಎತ್ತಿಕೊಂಡಳು.