ಮಾತ್ರೆ ಕಡಿಮೆ ಇರುವ ಕಡೆ

ಮಂಡಿನೋವನ್ನು ನಾಲ್ಕು ಜನರ ಮುಂದೆ ಹೇಳಿಕೊಳ್ಳುವವರು ಮೂತ್ರ ಸೋರುವುದನ್ನು ವೈದ್ಯರ ಮುಂದೆಯೂ ಬಾಯಿಬಿಡುವುದಿಲ್ಲ. ಯಾವ ಪ್ರದೇಶದಲ್ಲಿ ಈ ತೊಂದರೆಗೆ ಎಷ್ಟು ಮಾತ್ರೆ ಬರೆದುಕೊಡುತ್ತಾರೆ ಎಂಬ ಅಂಕಿಗಳನ್ನು ನೋಡಿ, ಮಾತ್ರೆ ಹೆಚ್ಚಿರುವ ಕಡೆ ಕಾಯಿಲೆ ಹೆಚ್ಚು, ಕಡಿಮೆ ಇರುವ ಕಡೆ ಕಡಿಮೆ ಎನ್ನುವವರು ಈ ಸಂಕೋಚವನ್ನು ಮರೆಯುತ್ತಾರಲ್ಲ, ಅದೇ ನನ್ನ ತಕರಾರು.

ಒಂದೇ ಕಾಯಿಲೆಗೆ ಪಕ್ಕಪಕ್ಕದ ಪ್ರದೇಶಗಳಲ್ಲಿ ಬೇರೆ ಬೇರೆ ಚಿಕಿತ್ಸೆ ಸಿಗುವುದು ಹೊಸ ಸಂಗತಿಯೇನಲ್ಲ. ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ ಮಕ್ಕಳ ಟಾನ್ಸಿಲ್ ತೆಗೆಯುವ ಪ್ರಮಾಣ ಒಂದೊಂದು ಕಡೆ ಒಂದೊಂದು ರೀತಿ ಇದ್ದುದನ್ನು ವೈದ್ಯ ಸಂಶೋಧಕ ಜಾನ್ ವೆನ್‌ಬರ್ಗ್ 1973ರಲ್ಲೇ ತೋರಿಸಿದ್ದರು. ಕಾಯಿಲೆಯ ಏರುಪೇರಿಗಿಂತ ವೈದ್ಯರ ರೂಢಿಯೇ ಅಲ್ಲಿ ಹೆಚ್ಚು ಕೆಲಸ ಮಾಡಿತ್ತು.

ಮೂತ್ರದ ವಿಷಯದಲ್ಲಿ ರೂಢಿಯ ಜೊತೆಗೆ ಕಾನೂನೂ ಸೇರಿಕೊಳ್ಳುತ್ತದೆ. ಕೆಮ್ಮಿದಾಗ, ಸೀನಿದಾಗ ಸೋರುವ ತೊಂದರೆಗೆ ಡುಲೋಕ್ಸೆಟಿನ್ ಎಂಬ ಮಾತ್ರೆ ಕೊಡಲು ಯುರೋಪ್ 2004ರಲ್ಲಿ ಒಪ್ಪಿತು. ಅಮೆರಿಕದಲ್ಲಿ ಅದನ್ನು ತಯಾರಿಸುವ ಕಂಪನಿಯೇ 2005ರಲ್ಲಿ ಅನುಮತಿಗೆ ಹಾಕಿದ್ದ ತನ್ನ ಅರ್ಜಿಯನ್ನು ಹಿಂದಕ್ಕೆ ಪಡೆಯಿತು. ಅದೇ ಮಾತ್ರೆ ಅಲ್ಲಿ ಖಿನ್ನತೆಗೆ ಸಿಗುತ್ತದೆ, ಸೋರಿಕೆಗೆ ಮಾತ್ರ ಅನುಮತಿಯಿಲ್ಲ. ಇನ್ನು ತಟ್ಟನೆ ಅವಸರವಾಗುವ ತೊಂದರೆಗೆ ಬಂದ ಮಿರಾಬೆಗ್ರಾನ್ ಎಂಬ ಮಾತ್ರೆ. ಹಳೆಯ ಗುಂಪಿನ ಮಾತ್ರೆ ಹೊಂದದವರಿಗೆ, ಉಪಯೋಗವಾಗದವರಿಗೆ ಮಾತ್ರ ಇದನ್ನು ಕೊಡಿ ಎಂದು ಯಾವ ಚಿಕಿತ್ಸೆ ಯಾರಿಗೆ ಎಂದು ಸಲಹೆ ಕೊಡುವ ಇಂಗ್ಲೆಂಡಿನ ನೈಸ್ ಸಂಸ್ಥೆ 2013ರಲ್ಲಿ ಹೇಳಿತು. ಹೀಗೆ ಯಾರೋ ಎಲ್ಲೋ ಕುಳಿತು ಹಾಕಿದ ಸಾಲಿನಲ್ಲಿ ರೋಗಿ ನಿಲ್ಲಬೇಕು.

ಆ ಹಳೆಯ ಗುಂಪಿನ ಆಕ್ಸಿಬ್ಯುಟಿನಿನ್ ಮಾತ್ರೆಯನ್ನು ನನ್ನ ಸೋದರತ್ತೆ ಕೆಲವು ತಿಂಗಳು ನುಂಗಿದರು. ಮೂತ್ರಕೋಶದ ಸ್ನಾಯುವನ್ನು ಸಡಿಲಿಸುವ ಈ ಔಷಧ ಜೊಲ್ಲನ್ನೂ ಒಣಗಿಸುತ್ತದೆ. ಬಾಯಿ ಒಣಗಿತೆಂದು ಅತ್ತೆ ಗುಟುಕು ಗುಟುಕಾಗಿ ನೀರು ಕುಡಿದರು, ನೀರು ಕುಡಿದದ್ದಕ್ಕೆ ಮತ್ತೆ ಬಚ್ಚಲಿಗೆ ಓಡಿದರು. ಮಲಬದ್ಧತೆ ಬೇರೆ. ಇಂಥ ಔಷಧಗಳಿಂದ ವಯಸ್ಸಾದವರ ಮನಸ್ಸಿಗೆ ಮಂಕು ಕವಿಯಬಹುದು ಎಂಬುದನ್ನು ಆಗ ನಮಗೆ ಯಾರೂ ಹೇಳಿರಲಿಲ್ಲ.

ಮಾತ್ರೆಗೆ ಮೊದಲು ಮಾಡಬಹುದಾದದ್ದು ಬಹಳಷ್ಟಿದೆ. ಅವಸರದ ತೊಂದರೆಗೆ ಕನಿಷ್ಠ 6 ವಾರ ಮೂತ್ರಕೋಶಕ್ಕೆ ಅಭ್ಯಾಸ ಮಾಡಿಸಬೇಕು, ಅಂದರೆ ಹೋಗುವ ಸಮಯವನ್ನು ಸ್ವಲ್ಪ ಸ್ವಲ್ಪವೇ ಮುಂದೂಡುತ್ತ ಬರಬೇಕು. ಕೆಮ್ಮಿದಾಗ ಸೋರುವವರು 3 ತಿಂಗಳು ಮೂತ್ರಕೋಶಕ್ಕೆ ಆಧಾರವಾದ ತಳದ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ವ್ಯಾಯಾಮ ಮಾಡಬೇಕು. ಆದರೆ ಅದನ್ನು ಸರಿಯಾಗಿ ಕಲಿಸಲು ತಿಳಿದವರು ಬೇಕು, ಪುರುಸೊತ್ತು ಬೇಕು. ಚೀಟಿ ಬರೆಯಲು ಒಂದು ನಿಮಿಷ ಸಾಕು. ಹಾಗಾಗಿ ಮಾತ್ರೆ ಹೆಚ್ಚು ಖರ್ಚಾಗುವ ಕಡೆ ಕಾಯಿಲೆ ಹೆಚ್ಚಿದೆ ಎನ್ನುವ ಮೊದಲು ಅಲ್ಲಿ ಫಿಸಿಯೋಥೆರಪಿಸ್ಟ್ ಇದ್ದಾರೆಯೇ ಎಂದು ನಾನು ಕೇಳುತ್ತೇನೆ.

ಕಡಿಮೆ ಬರೆಯುವ ಪ್ರದೇಶವನ್ನು ಹೊಗಳಲೂ ನಾನು ತಯಾರಿಲ್ಲ. ಅಲ್ಲಿನ ವೈದ್ಯರು ವಿವೇಕಿಗಳಿರಬಹುದು. ಅಥವಾ ಅಲ್ಲಿನ ಹೆಂಗಸರು ಮಡಿಸಿದ ಹಳೆಯ ಬಟ್ಟೆಯನ್ನು ಇಟ್ಟುಕೊಂಡು, ಮದುವೆ, ಪ್ರಯಾಣಗಳನ್ನೆಲ್ಲ ತಪ್ಪಿಸಿಕೊಂಡು, ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ ಎಂದು ಸುಮ್ಮನಿರಬಹುದು. ಗಂಡಸರೂ ಹಾಗೆಯೇ, ಅವರು ಹೇಳುವುದು ಇನ್ನೂ ಕಡಿಮೆ. ಎರಡಕ್ಕೂ ಅಂಕಿ ಒಂದೇ.

ನಮ್ಮ ಅತ್ತೆಯೂ ತಾವಾಗಿ ಹೇಳಿದವರಲ್ಲ. ಸಕ್ಕರೆ ಕಾಯಿಲೆಯ ತಪಾಸಣೆಗೆ ಹೋದಾಗ ಒಬ್ಬ ಕಿರಿಯ ವೈದ್ಯೆ, ‘ರಾತ್ರಿ ಎಷ್ಟು ಸಲ ಏಳುತ್ತೀರಮ್ಮ?’ ಎಂದು ಕೇಳಿದರು. ಅಷ್ಟಕ್ಕೇ ಅತ್ತೆ ಅತ್ತುಬಿಟ್ಟರು. ಹನ್ನೊಂದು ವರ್ಷದಿಂದ ಹೀಗೇ ಇದೆ ಎಂಬುದು ನಮಗೂ ಆಗಲೇ ಗೊತ್ತಾದದ್ದು.