ಮೌಸ್‌ಗೆ ರೀಚಾರ್ಜ್ ಶೆಲ್ ಹಾಕಿ, ಅದು ಅರ್ಧ ತೋರಿಸ್ತು ಅಂತ ಬಿಸಾಕ್ಬೇಡಿ

ಹೋದ ವಾರ ಮಂಡ್ಯದಿಂದ ಚಿಕ್ಕಪ್ಪನ ಮಗಳು ಫೋನ್ ಮಾಡಿ, ಅಣ್ಣ ನೀನು ಹೇಳ್ದೆ ಅಂತ ರೀಚಾರ್ಜ್ ಶೆಲ್ ತಗೊಂಡೆ, ಫುಲ್ ಚಾರ್ಜ್ ಮಾಡಿ ಮೌಸ್‌ಗೆ ಹಾಕಿದ್ರೂ ಬ್ಯಾಟರಿ ಅರ್ಧನೇ ತೋರಿಸ್ತಿದೆ, ವಾಪಸ್ ಕೊಟ್ಬಿಡ್ಲಾ ಅಂದ್ಳು. ಕೊಡ್ಬೇಡ ಮಾರಾಯ್ತಿ ಅಂದೆ. ಇದೊಂದು ಕಾರಣಕ್ಕೇ ಒಳ್ಳೊಳ್ಳೆ ಶೆಲ್ಲುಗಳನ್ನ ಮೂಲೆಗೆ ಹಾಕಿರೋರನ್ನ ತುಂಬಾ ನೋಡಿದೀನಿ, ಹೊಟ್ಟೆ ಉರಿಯುತ್ತೆ.

ಆಲ್ಕಲೈನ್ ಶೆಲ್, ಅಂದ್ರೆ ಒಂದ್ಸಲ ಬಳಸಿ ಬಿಸಾಕೋದು, ಹೊಸದ್ರಲ್ಲಿ 1.5 ವೋಲ್ಟ್ ಇರುತ್ತೆ, ಬಳಸ್ತಾ ಬಳಸ್ತಾ ಒಂದೇ ಸಮ ಇಳೀತಾ ಹೋಗುತ್ತೆ. ರೀಚಾರ್ಜ್ ಶೆಲ್, ಅಂದ್ರೆ ನಿಕಲ್ ಮೆಟಲ್ ಹೈಡ್ರೈಡ್ ಶೆಲ್, ಹಂಗಲ್ಲ, 1.2 ಹತ್ರ ಬಂದು ನಿಂತ್ರೆ ಹೆಚ್ಚುಕಮ್ಮಿ ಕೊನೇವರ್ಗೂ ಅಲ್ಲೇ ನಿಂತಿರುತ್ತೆ, ಆಮೇಲೆ ದಬಕ್ಕಂತ ಬೀಳುತ್ತೆ. ಎಷ್ಟೋ ಮೌಸ್‌ಗಳು ಆಲ್ಕಲೈನ್ ಲೆಕ್ಕದಲ್ಲೇ ಅಳೆಯೋದು, ಹಾಗಾಗಿ 1.2 ಕಂಡ ತಕ್ಷಣ ಅರ್ಧ ಖಾಲಿ ಅನ್ಕೊಳುತ್ತೆ. ಶೆಲ್ಲಲ್ಲಿ ಏನೂ ದೋಷ ಇಲ್ಲ.

ನಾನು ರೀಚಾರ್ಜ್ ಶೆಲ್ಲಿಗೆ ಬದಲಾಯಿಸಿದ್ದು ದುಡ್ಡು ಉಳಿಸಕ್ಕಲ್ಲ. ಮೈಸೂರು ಕುವೆಂಪುನಗರದ ಮನೇಲೇ ಡಿಟಿಪಿ ಕೆಲ್ಸ ಮಾಡ್ತೀನಿ, ಗಂಗೋತ್ರಿ (ಮೈಸೂರು ಯೂನಿವರ್ಸಿಟಿ) ಹುಡುಗ್ರ ಥೀಸಿಸ್, ಮದುವೆ ಕಾರ್ಡು, ಎಲ್ಲಾ ಒಂದೇ ವೈರ್‌ಲೆಸ್ ಕೀಬೋರ್ಡಲ್ಲಿ. ಅಮ್ಮಂಗೆ ಆಪರೇಷನ್ ಆದಾಗ ಮೂರು ತಿಂಗಳು ಅದನ್ನ ಮುಟ್ಟಿರ್ಲಿಲ್ಲ. ಆಮೇಲೆ ಮುಚ್ಚಳ ತೆಗೆದ್ರೆ ಆಲ್ಕಲೈನ್ ಶೆಲ್ಲು ಸೋರಿ ಸುಣ್ಣ ಕಟ್ಟಿದಂಗೆ ಬಿಳಿ ಪುಡಿ, ಸ್ಪ್ರಿಂಗೆಲ್ಲ ಹಸಿರು. ಒಳಗಿಂದ ಸೋರೋದು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಅನ್ನೋ ಕ್ಷಾರ, ಬರಿಗೈಲಿ ಮುಟ್ಟಬಾರ್ದು. ವಿನೆಗರ್ ಅದ್ದಿದ ಇಯರ್‌ಬಡ್ಡಲ್ಲಿ ಮೆಲ್ಲಗೆ ಉಜ್ಜಿದೆ, ಪುಡಿ ಹೋಯ್ತು, ಜೊತೆಗೆ ಸ್ಪ್ರಿಂಗೂ ಮುರಿದು ಕೈಗೆ ಬಂತು. ಆರು ವರ್ಷ ದುಡಿದ ಕೀಬೋರ್ಡು. ರೀಚಾರ್ಜ್ ಶೆಲ್ಲು ಸೋರೋದೇ ಇಲ್ಲ ಅಂತಲ್ಲ, ಆದ್ರೆ ಆಲ್ಕಲೈನಷ್ಟು ಸೋರಲ್ಲ.

ತಗೊಳೋವಾಗ ಒಂದು ನೋಡಿ. ಹಳೇ ಕಾಲದ ರೀಚಾರ್ಜ್ ಶೆಲ್ಲು ಸುಮ್ನೆ ಇಟ್ರೂ ಕೆಲವೇ ತಿಂಗಳಲ್ಲಿ ಖಾಲಿ ಆಗೋವು, ಮೌಸ್ ಕುಡಿಯೋ ಚೂರು ಕರೆಂಟಿಗಿಂತ ತಾನಾಗೇ ಹೋಗೋದೇ ಜಾಸ್ತಿ, ಅದಕ್ಕೇ ಕೆಟ್ಟ ಹೆಸರು ಬಂದಿದ್ದು. 2005ರಲ್ಲಿ ಸ್ಯಾನ್ಯೋ ಕಂಪನಿಯವ್ರು ಎನೆಲೂಪ್ ಅನ್ನೋ ರೀಚಾರ್ಜ್ ಶೆಲ್ ತಂದ್ಮೇಲೆ ಆ ಕಥೆ ಮುಗೀತು, ಒಂದು ವರ್ಷ ಇಟ್ರೂ ಮುಕ್ಕಾಲಿನ ಮೇಲೇನೇ ಇರುತ್ತೆ, ಈಗ ಬೇರೆಯವರ್ದೂ ಆ ಥರದ್ದು ಸಿಗುತ್ತೆ. ಶೆಲ್ಲಲ್ಲಿ ಎಷ್ಟು ಚಾರ್ಜ್ ಹಿಡಿಯುತ್ತೆ ಅಂತ ಹೇಳೋ ಎಂಎಎಚ್ ನಂಬರ್ 2000 ಇದ್ರೆ ಧಾರಾಳ ಸಾಕು, ದೊಡ್ಡ ನಂಬರ್ ಹಿಂದೆ ಹೋಗ್ಬೇಡಿ, ಅವು ಬೇಗ ಸವೀತವೆ. ಚಾರ್ಜರ್ ಮಾತ್ರ ಒಂದೊಂದು ಶೆಲ್ಲನ್ನ ಬೇರೆಬೇರೆ ಚಾರ್ಜ್ ಮಾಡೋದೇ ಬೇಕು, ಮೌಸ್‌ಗೆ ಎಷ್ಟೋ ಸಲ ಒಂದೇ ಶೆಲ್ಲು ತಾನೆ, ಅಗ್ಗದ ಚಾರ್ಜರ್ ಜೋಡಿ ಇಲ್ದೆ ಚಾರ್ಜೇ ಮಾಡಲ್ಲ. ಇನ್ನೊಂದು, ಇದೇ ಸೈಜಲ್ಲಿ 3.7 ವೋಲ್ಟಿನ ಲಿಥಿಯಂ ಶೆಲ್ಲೂ ಬರುತ್ತೆ, ಅದನ್ನ ಹಾಕಿದ್ರೆ ಮೌಸೇ ಸುಟ್ಟೋಗ್ಬೋದು, ದಯವಿಟ್ಟು ವೋಲ್ಟ್ ಓದಿ ತಗೊಳಿ.

ತಂಗಿ ಇವತ್ತು ಬೆಳಿಗ್ಗೆ ಮೆಸೇಜ್ ಹಾಕಿದ್ಳು, ಒಂಬತ್ತನೇ ದಿನ, ಮೌಸ್ ಇನ್ನೂ ಅರ್ಧನೇ ತೋರಿಸ್ತಿದ್ಯಂತೆ.