ಸೇತುವೆ ಕೇಳಿದ್ದೂ ನಾವೇ, ಬೇಡ ಅಂದಿದ್ದೂ ನಾವೇ

ಮೊನ್ನೆ ಬೆಂಗಳೂರಿನಿಂದ ಬಂದ ನೆಂಟರೊಬ್ಬರು ನಮ್ಮನೆ ಜಗಲಿಯಲ್ಲಿ ಕೂತು ಒಂದು ಮಾತು ಹೇಳಿದರು. "ನೀವು ಮಲೆನಾಡಿನವರು ಏನು ಬಂದರೂ ಬೇಡ ಅಂತೀರಪ್ಪ. ಕರೆಂಟಿನ ಯೋಜನೆ ಬೇಡ, ರೋಪ್‌ವೇ ಬೇಡ, ರೆಸಾರ್ಟ್ ಬೇಡ. ಹಿಂಗಾದ್ರೆ ಊರು ಉದ್ಧಾರ ಆಗೋದು ಯಾವಾಗ?"

ಅವರು ಬಂದಿದ್ದು ಸಿಗಂದೂರು ಸೇತುವೆ ಮೇಲೆ. ದಾರಿಯಲ್ಲಿ ಕಾರು ನಿಲ್ಲಿಸಿ ಫೋಟೋ ತೆಗೆದು ಸ್ಟೇಟಸ್ಸಿಗೂ ಹಾಕಿದ್ದರು. ನನಗೆ ಬಾಯಿಗೆ ಬಂದಿತ್ತು. ಅತ್ತೆ ಕಣ್ಣಲ್ಲೇ ಸುಮ್ಮನಿರು ಅಂದರು, ಸುಮ್ಮನಾದೆ. ಆವತ್ತು ನುಂಗಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಉದ್ದ ಆಗುತ್ತೆ. ಆ ನೆಂಟರೂ ನನ್ನ ಫ್ರೆಂಡ್ ಲಿಸ್ಟಿನಲ್ಲಿ ಇದ್ದಾರೆ, ಓದಲಿ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ನಮ್ಮದು ಸಾಗರ ತಾಲ್ಲೂಕು, ಕರೂರು ಹೋಬಳಿ, ತುಮರಿ ಹತ್ತಿರದ ಹಳ್ಳಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಶರಾವತಿ ಹಿನ್ನೀರು ನಮ್ಮನ್ನು ಸಾಗರದಿಂದ ಬೇರೆ ಮಾಡಿತು. ಅಲ್ಲಿಂದ ಆರು ದಶಕ ನಾವು "ಹೊಳೆಯಾಚೆಯವರು". ಪೇಟೆಗೆ, ಆಸ್ಪತ್ರೆಗೆ, ಕಾಲೇಜಿಗೆ, ತಾಲ್ಲೂಕು ಕಚೇರಿಗೆ, ಎಲ್ಲಕ್ಕೂ ಅಂಬಾರಗೋಡ್ಲು ಕಳಸವಳ್ಳಿ ನಡುವಿನ ಲಾಂಚ್, ಅಂದರೆ ಜನ, ವಾಹನ ದಾಟಿಸುವ ದೊಡ್ಡ ದೋಣಿ, ಹತ್ತಬೇಕಿತ್ತು. ಸಂಜೆ ಕೊನೆಯ ಲಾಂಚ್ ತಪ್ಪಿತೋ, ಹೊಸನಗರ, ನಿಟ್ಟೂರು ಅಂತ ಸುತ್ತಿ ಬರಬೇಕಿತ್ತು. ಇಲ್ಲಾ ಸಾಗರದ ಕಡೆಯ ದಡದಲ್ಲಿ ಯಾರದ್ದಾದರೂ ಮನೆಯಲ್ಲಿ ಮಲಗಬೇಕಿತ್ತು.

ನನ್ನನ್ನು ಇಲ್ಲಿಗೆ ಮದುವೆ ಮಾಡಿಕೊಟ್ಟಿದ್ದು 1998ರಲ್ಲಿ. ತವರು ಸಾಗರದ ಪಕ್ಕ. ಹುಡುಗ ಒಳ್ಳೆಯವನು, ತೋಟ ಇದೆ, ಎಲ್ಲ ಸರಿ. ಆದರೂ ಅಮ್ಮ ವಾರಗಟ್ಟಲೆ ಒಪ್ಪಿರಲಿಲ್ಲ. "ಹೊಳೆಯಾಚೆ ಹೆಣ್ಣು ಕೊಟ್ಟರೆ ಹೆಣ್ಣು ಕಳಕೊಂಡ ಹಾಗೆ" ಅನ್ನುತ್ತಿದ್ದರು. ಆಗ ನಗು ಬಂದಿತ್ತು. ಎರಡನೇ ಬಾಣಂತನಕ್ಕೆ ಮಳೆಗಾಲದ ರಾತ್ರಿ ನೋವು ಶುರುವಾದಾಗ ಅಮ್ಮನ ಮಾತು ಅರ್ಥ ಆಯಿತು. ಜೀಪಿನಲ್ಲಿ ಸುತ್ತು ದಾರಿ. ಮಗು ಉಳಿಯಿತು, ನಾನೂ ಉಳಿದೆ. ನಮ್ಮ ಕೇರಿಯಲ್ಲಿ ಎಲ್ಲರ ಕತೆಯೂ ಹಾಗೆ ಮುಗಿದಿಲ್ಲ.

ಇಂಥವರು ಸೇತುವೆ ಬೇಡ ಅಂದಾರಾ? ಕೇಳಿದ್ದೇ ನಾವು. ಅರ್ಜಿ ಬರೆದವರು, ಶಾಲೆ ಮಕ್ಕಳನ್ನು ಕರೆದುಕೊಂಡು ಪಾದಯಾತ್ರೆ ಮಾಡಿದವರು, ಚುನಾವಣೆ ಬಹಿಷ್ಕಾರದ ಬೋರ್ಡು ಹಾಕಿದವರು, ಎಲ್ಲ ನಮ್ಮ ಕಡೆಯವರೇ. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ಲಾಂಚಿಗೆ ವಾಹನ ಹತ್ತಿಸುವುದನ್ನು ನಿಲ್ಲಿಸುತ್ತಿದ್ದರು. 2023ರ ಜೂನಿನಲ್ಲಿ ಹಾಗೇ ಆಗಿತ್ತು. ಮಳೆ ಬರುವವರೆಗೆ ಗೊಬ್ಬರದ ಚೀಲಕ್ಕೂ ಸುತ್ತು ದಾರಿಯೇ. ಕೊನೆಗೆ 2025ರ ಜುಲೈ 14ಕ್ಕೆ ಸೇತುವೆ ಉದ್ಘಾಟನೆ ಆಯಿತು. 2.44 ಕಿಲೋಮೀಟರ್ ಉದ್ದ, ಕೇಬಲ್ ಹಾಕಿ ಎತ್ತಿದ ಚಂದದ ಸೇತುವೆ. ಆವತ್ತು ಯಾರನ್ನು ಕರೆದರು, ಯಾರನ್ನು ಕರೆಯಲಿಲ್ಲ ಅಂತ ಟಿವಿಯಲ್ಲಿ ಜಗಳ ನಡೆಯುತ್ತಿತ್ತು. ನಾವು ಆ ಕಡೆ ಕಿವಿ ಕೊಡಲಿಲ್ಲ. ಅತ್ತೆಯನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಎರಡು ಸಲ ಹೋಗಿ ಬಂದೆವು. ಎರಡನೇ ಸಲ ನಡುವೆ ಕಾರು ನಿಲ್ಲಿಸಲು ಹೇಳಿ, ಇಳಿದು, ಕಂಬಿ ಹಿಡಿದು ಕೆಳಗೆ ನೋಡಿದರು. "ನಮ್ಮನೆ ಇನ್ನೂ ಸ್ವಲ್ಪ ಬಲಕ್ಕೆ" ಅಂದರು.

ಅತ್ತೆಯ ತವರು ನೀರಿನ ಅಡಿಯಲ್ಲಿದೆ.

ಅವರಿಗೆ ಆಗ ಎಂಟೋ ಒಂಬತ್ತೋ ವರ್ಷ. ಹೆಂಚು, ಮರದ ತೊಲೆ, ಒರಳು, ದನ, ಎಲ್ಲವನ್ನೂ ಲಾರಿಗೆ ತುಂಬಿದ್ದು ನೆನಪಿದೆಯಂತೆ. ಒಬ್ಬ ಚಿಕ್ಕಪ್ಪ ಶಿವಮೊಗ್ಗದ ಕಡೆ, ಒಬ್ಬರು ಹೊಸನಗರದ ಕಡೆ, ಅಪ್ಪ ಇಲ್ಲೇ ಗುಡ್ಡದ ಮೇಲೆ. ಒಂದೇ ಅಂಗಳದವರು ಮದುವೆ ಮುಂಜಿಗೆ ಮಾತ್ರ ಸಿಗುವ ಹಾಗಾಯಿತು. ಕೊಟ್ಟ ಜಾಗಕ್ಕೆ ಹಕ್ಕುಪತ್ರ ಇಲ್ಲದ ಮುಳುಗಡೆ ಕುಟುಂಬಗಳು ಇವತ್ತಿಗೂ ಇವೆ. ಮೂರನೇ ತಲೆಮಾರು ಕಚೇರಿ ಸುತ್ತುತ್ತಿದೆ. ಕಂದಾಯದವರು ಅರಣ್ಯ ಅಂತಾರೆ, ಅರಣ್ಯದವರು ಒತ್ತುವರಿ ಅಂತಾರೆ. ಶರಾವತಿಯ ದೊಡ್ಡ ವಿದ್ಯುದಾಗಾರ ಒಂದೇ 1,035 ಮೆಗಾವಾಟಿನದು. ನಮ್ಮಲ್ಲಿ ಮಳೆಗಾಲಕ್ಕೆ ಒಂದು ಮರ ಬಿದ್ದರೆ ವಾರಗಟ್ಟಲೆ ಕರೆಂಟಿಲ್ಲ.

ನಾನು ಹೇಳಬೇಕು ಅಂದುಕೊಂಡಿದ್ದು ಇದೇ. ನಾವು ಕೇಳಿದ್ದು ಬರಲು ಅರವತ್ತು ವರ್ಷ ಬೇಕಾಯಿತು. ಕೇಳದೇ ಇದ್ದದ್ದು ಮಾತ್ರ ರಾತ್ರೋರಾತ್ರಿ ಸರ್ವೆ ಕಲ್ಲು, ಜೀಪು, ಪೊಲೀಸರ ಜೊತೆ ಬರುತ್ತದೆ. ಹಾಗೆ ಬಂದದ್ದಕ್ಕೆ ಬೇಡ ಅಂದರೆ ನಾವು ಅಭಿವೃದ್ಧಿ ವಿರೋಧಿಗಳು.

ಈಗ ಬಂದಿರುವುದು ಶರಾವತಿ ಪಂಪ್ಡ್ ಸ್ಟೋರೇಜ್. 2,000 ಮೆಗಾವಾಟಿನ ಯೋಜನೆ. ಮೇಲೆ ತಲಕಳಲೆ ಜಲಾಶಯ, ಕೆಳಗೆ ಗೇರುಸೊಪ್ಪ ಜಲಾಶಯ. ನಡುವೆ ಗುಡ್ಡದ ಹೊಟ್ಟೆಯೊಳಗೆ ಸುರಂಗ ಮತ್ತು ವಿದ್ಯುದಾಗಾರ. ಕರೆಂಟಿಗೆ ಬೇಡಿಕೆ ಜಾಸ್ತಿ ಇದ್ದಾಗ ನೀರನ್ನು ಕೆಳಗೆ ಬಿಟ್ಟು ವಿದ್ಯುತ್ ತೆಗೆಯುವುದು, ಕಡಿಮೆ ಇದ್ದಾಗ ಅದೇ ನೀರನ್ನು ಮತ್ತೆ ಮೇಲಕ್ಕೆ ಎತ್ತುವುದು. ಎತ್ತಲು ತಿನ್ನುವ ಕರೆಂಟು, ಇಳಿಸಿದಾಗ ಸಿಗುವುದಕ್ಕಿಂತ ಜಾಸ್ತಿ. ಇದನ್ನು ಯೋಜನೆಯವರೇನೂ ಮುಚ್ಚಿಟ್ಟಿಲ್ಲ. ಸೋಲಾರ್, ಗಾಳಿ ವಿದ್ಯುತ್ತನ್ನು ಕೂಡಿಡಲು ಹೀಗೊಂದು ಏರ್ಪಾಡು ಬೇಕು ಅನ್ನುವುದು ಅವರ ವಾದ. ವಾದದಲ್ಲಿ ಹುರುಳಿಲ್ಲ ಅಂತ ನಾನೂ ಹೇಳಲ್ಲ. ಆದರೆ ಜಾಗ ಯಾವುದು ನೋಡಿ. ಸಿಂಗಳೀಕ ಅನ್ನುವ ಅಪರೂಪದ ಕೋತಿಯ ಅಭಯಾರಣ್ಯ. ಸುಮಾರು 54 ಹೆಕ್ಟೇರ್ ಕಾಡು. ಮಳೆಗಾಲದಲ್ಲಿ ಸುಮ್ನೆ ನಿಂತರೂ ಜಾರುವ ಘಟ್ಟದ ಮಣ್ಣು. ಸ್ಥಳ ನೋಡಿ ಹೋದ ಕೇಂದ್ರದ ಅರಣ್ಯಾಧಿಕಾರಿಯೇ ಇದು ಬೇಡ ಅಂತ ವರದಿ ಬರೆದರು. ಅಲ್ಲಿಗೆ ಆ ಅಧಿಕಾರಿಯೂ ಅಭಿವೃದ್ಧಿ ವಿರೋಧಿಯೇ?

2025ರ ಸೆಪ್ಟೆಂಬರಿನಲ್ಲಿ ಕಾರ್ಗಲ್‌ನಲ್ಲಿ ಅಹವಾಲು ಸಭೆ ಇತ್ತು. ತಲಕಳಲೆ ನಮ್ಮನೆಯಿಂದ ದೂರ, ನಮ್ಮ ತೋಟವೇನೂ ಹೋಗುವುದಿಲ್ಲ. ಆದರೂ ಹೋದೆ. ಅತ್ತೆ ಕಳಿಸಿದರು ಅಂದರೂ ಸರಿ. "ಆಗ ನಮ್ಮನ್ನ ಯಾರೂ ಕೇಳಿರಲಿಲ್ಲ. ಈಗ ಕೇಳ್ತಾರಂತೆ, ಹೋಗಿ ಬಾ" ಅಂದರು. ಮಳೆ ಸುರಿಯುತ್ತಿತ್ತು. ಜನ ಕಿಕ್ಕಿರಿದಿದ್ದರು. ಮಠದವರು, ರೈತ ಸಂಘದವರು, ಕಾಲೇಜು ಹುಡುಗರು, ಕಂಕುಳಲ್ಲಿ ಮಗು ಎತ್ತಿಕೊಂಡು ಬಂದ ಹೆಂಗಸರು. ಮಾತಾಡಿದವರಲ್ಲಿ ಮುಕ್ಕಾಲು ಮಂದಿ ಯೋಜನೆಯ ಬಗ್ಗೆ ಶುರು ಮಾಡಿ ತಮ್ಮ ಅಜ್ಜನ ಮನೆಗೆ ಬಂದು ನಿಲ್ಲುತ್ತಿದ್ದರು. ವೇದಿಕೆ ಮೇಲಿದ್ದವರಿಗೆ ಅದು ವಿಷಯಾಂತರ ಅನ್ನಿಸಿರಬಹುದು. ಕೆಳಗೆ ಕೂತ ನಮಗೆ ವಿಷಯವೇ ಅದು. ಒಮ್ಮೆ ನಂಬಿ ಕಳಕೊಂಡವರ ಹತ್ತಿರ ಎರಡನೇ ಸಲ "ನಂಬಿ" ಅಂದರೆ, ಮೊದಲ ಸಲದ ಲೆಕ್ಕ ಕೇಳದೆ ಇರುತ್ತಾರಾ?

2019ರಲ್ಲಿ ಶರಾವತಿ ನೀರನ್ನು ಬೆಂಗಳೂರಿಗೆ ಒಯ್ಯುವ ಮಾತು ಬಂದಾಗಲೂ ಹೀಗೇ ಬೀದಿಗಿಳಿದಿದ್ದೆವು. ಶಿವಮೊಗ್ಗ ಬಂದ್ ಆಯಿತು. ಆಗ ಬೆಂಗಳೂರಿನ ಪರಿಸರ ಪ್ರಿಯರೆಲ್ಲ ನಮ್ಮನ್ನು ಹೊಗಳಿದ್ದೇ ಹೊಗಳಿದ್ದು. ಕಾಡಿನ ಕಾವಲುಗಾರರು ಅಂತೆಲ್ಲ ಬರೆದರು. ಪಶ್ಚಿಮ ಘಟ್ಟ ಉಳಿಸಲು ಕೇಂದ್ರ ಬರೆಸಿದ ಕಸ್ತೂರಿರಂಗನ್ ವರದಿ ಬೇಡ ಅಂತ ಇದೇ ಜನ, ಇದೇ ಊರು, ಇದೇ ಮೈಕ್ ಹಿಡಿದಾಗ ಅವರೇ ಬೈದರು. ಒತ್ತುವರಿದಾರರು, ರಾಜಕಾರಣಿಗಳ ಮಾತು ಕೇಳುವವರು ಅಂತ. ಕರ್ನಾಟಕದ 20,668 ಚದರ ಕಿಲೋಮೀಟರನ್ನು ಪರಿಸರ ಸೂಕ್ಷ್ಮ ಪ್ರದೇಶ ಮಾಡುವ ಕರಡನ್ನು ದಿಲ್ಲಿಯಿಂದ ಆರು ಸಲ ಹೊರಡಿಸಿದರು. ಆರು ಸಲದಲ್ಲಿ ಒಮ್ಮೆಯಾದರೂ ನಮ್ಮ ಗ್ರಾಮಸಭೆಗೆ ಬಂದು, ಕನ್ನಡದಲ್ಲಿ, ತೋಟಕ್ಕೆ ಸೊಪ್ಪು ತರುವ ನಿಮ್ಮ ಸೊಪ್ಪಿನ ಬೆಟ್ಟಕ್ಕೆ ಏನಾಗುತ್ತೆ, ಕೊಟ್ಟಿಗೆ ಕಟ್ಟಬಹುದಾ ಇಲ್ಲವಾ ಅಂತ ವಿವರಿಸಿದವರಿಲ್ಲ. ನನಗೆ ಆ ವರದಿಯಲ್ಲಿ ಒಪ್ಪಿಗೆಯಾಗುವ ಮಾತುಗಳು ಬಹಳ ಇವೆ, ಈ ಮಾತಿಗೆ ಊರಲ್ಲಿ ಬೈಸಿಕೊಂಡಿದ್ದೇನೆ. ಆದರೆ ಊರಿನವರ ಹೆದರಿಕೆ ಸುಳ್ಳಲ್ಲ. ಹಕ್ಕುಪತ್ರ ಇಲ್ಲದವರಿಗೆ "ಸಂರಕ್ಷಣೆ" ಅನ್ನುವ ಪದ ನೋಟಿಸಿನ ಹಾಗೇ ಕೇಳುತ್ತದೆ.

ಇನ್ನು ಪ್ರವಾಸಿಗರ ವಿಷಯ. ಇಲ್ಲಿ ನನ್ನ ಮಾತು ಅಷ್ಟು ನೇರ ಇಲ್ಲ.

ಸೇತುವೆ ಆದ ಮೇಲೆ ಶನಿವಾರ, ಭಾನುವಾರ ನಮ್ಮ ರಸ್ತೆ ನಮ್ಮದಲ್ಲ. ಸಿಗಂದೂರು ದೇವಸ್ಥಾನಕ್ಕೆ ಬರುವವರು ಮೊದಲೂ ಬರುತ್ತಿದ್ದರು. ಆದರೆ ಲಾಂಚ್ ಒಂದು ಜರಡಿ ಇದ್ದ ಹಾಗೆ. ಅದರಲ್ಲಿ ಹಿಡಿಸಿದಷ್ಟೇ ಜನ. ಕಾಯುವ ತಾಳ್ಮೆ ಇದ್ದವರು ಬರುತ್ತಿದ್ದರು. ಈಗ ತಾಳ್ಮೆ ಬೇಕಿಲ್ಲ. ಸೇತುವೆ ನಡುವೆ ನಿಲ್ಲಿಸಿ ರೀಲ್ಸ್ ಮಾಡುವವರ ಹಿಂದೆ ನಮ್ಮ ಆಂಬುಲೆನ್ಸ್ ಹಾರ್ನ್ ಹೊಡೆಯುತ್ತಾ ನಿಂತಿದ್ದನ್ನು ನೋಡಿದ್ದೇನೆ. ಯಾವುದಕ್ಕೆ ಅರವತ್ತು ವರ್ಷ ಕಾದೆವೋ ಅದರ ಮೇಲೇ! ಹಿನ್ನೀರು ಇಳಿದಾಗ ಬಯಲಾಗುವ ನೆಲದಲ್ಲಿ ಹುಲ್ಲು ಚಿಗುರುತ್ತದೆ, ನಮ್ಮ ದನ ಮೇಯುವುದು ಅಲ್ಲೇ. ಹೋದ ಬೇಸಿಗೆಯಲ್ಲಿ ಟೆಂಟ್ ಹಾಕಿದವರು ಬಿಟ್ಟುಹೋದ ಬಾಟಲಿ ಚೂರು ನಮ್ಮ ಗಬ್ಬದ ಹಸುವಿನ ಗೊರಸಿಗೆ ಹೊಕ್ಕಿತು. ತಿಂಗಳು ಕುಂಟಿತು.

ದಡದಲ್ಲಿ ಯಾರೋ ಜಾಗ ತೆಗೆದುಕೊಂಡು ಕಾಟೇಜು ಕಟ್ಟಿದ್ದಾರೆ. ಹೊಳೆಗೆ ಇಳಿಯುವ ಕಾಲುದಾರಿಗೆ ಅಡ್ಡವಾಗಿ ಗೇಟು ಬಂದಿದೆ. ಕಾವಲಿನ ಹುಡುಗ ಬೇರೆ ರಾಜ್ಯದವನು, ಪಾಪ, ಅವನಿಗೆ ನಮ್ಮ ಗುರುತಿಲ್ಲ. ಅತ್ತೆಯನ್ನು ತಡೆದು "ಗೆಸ್ಟಾ?" ಅಂತ ಕೇಳಿದನಂತೆ. ಅತ್ತೆ ಮನೆಗೆ ಬಂದು ನಗುತ್ತಲೇ ಹೇಳಿದರು. ನನಗೆ ನಗು ಬರಲಿಲ್ಲ.

ಆದರೆ ಆ ಜಾಗ ಮಾರಿದ್ದು ಯಾರು? ನಾವೇ. ನಮ್ಮ ದಾಯಾದಿಗಳೇ. ಅಡಿಕೆಗೆ ಎಲೆಚುಕ್ಕಿ ರೋಗ ಬಂದು ಮೂರು ವರ್ಷ ಫಸಲು ಕೈಕೊಟ್ಟಿತ್ತು. ಮಗ ಬೆಂಗಳೂರಿನಲ್ಲಿ, ತಿರುಗಿ ಬರುವ ಮಾತಿಲ್ಲ. ದುಡ್ಡು ಎಣಿಸಿ ಕೊಟ್ಟರು, ಮಾರಿದರು. ಅವರನ್ನು ದೂರುವ ಮುಖ ನನಗಿಲ್ಲ. ನನ್ನ ಮೈದುನನೂ ಎರಡು ಕೋಣೆಯ ಹೋಂಸ್ಟೇ ಮಾಡಿದ್ದಾನೆ. ಅವನಲ್ಲಿಗೆ ಬರುವವರು ಒಳ್ಳೆಯ ಜನ. ಪತ್ರೊಡೆ ತಿಂದು, ಹೊಳೆ ನೋಡಿ, ಹೋಗುವಾಗ ಅಪ್ಪೆಮಿಡಿ ಉಪ್ಪಿನಕಾಯಿ ಕೇಳಿ ಒಯ್ಯುತ್ತಾರೆ. ಆ ಉಪ್ಪಿನಕಾಯಿ ದುಡ್ಡು ನನಗೇ ಬರುತ್ತದೆ, ಸುಳ್ಳು ಯಾಕೆ ಹೇಳಲಿ. ನಾನೂ ಹೋದ ವರ್ಷ ಊಟಿಗೆ ಹೋಗಿದ್ದೆ. ಅಲ್ಲಿನವರಿಗೆ ನಾನೂ ರಸ್ತೆ ತುಂಬಿಸುವ ಮಂದಿಯಲ್ಲಿ ಒಬ್ಬಳೇ.

2024ರಲ್ಲಿ ಸ್ಪೇನ್ ದೇಶದ ಬಾರ್ಸಿಲೋನಾದಲ್ಲಿ ಊರಿನವರು ಪ್ರವಾಸಿಗರ ಮೇಲೆ ಆಟಿಕೆ ಪಿಸ್ತೂಲಿನಿಂದ ನೀರು ಹಾರಿಸಿದ ಸುದ್ದಿ ಬಂದಿತ್ತು. ಅತ್ತೆಗೆ ಓದಿ ಹೇಳಿದೆ. "ನೀರು ಅವರ ಹತ್ರ ಇತ್ತಲ್ಲ" ಅಂದರು.

ಇದೇ ಶರಾವತಿ ಹೊಳೆ ಕೆಳಗೆ ಹೊನ್ನಾವರದಲ್ಲಿ ಸಮುದ್ರ ಸೇರುತ್ತದೆ. ಅಲ್ಲಿ ಕಾಸರಕೋಡು ಕಡಲತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆ ಸಿಕ್ಕಿತು, ಸ್ವಚ್ಛ ತೀರ ಅಂತ. ಪಕ್ಕದ ಟೊಂಕದಲ್ಲಿ ಖಾಸಗಿ ಬಂದರು ಕಟ್ಟುವ ಕೆಲಸಕ್ಕೆ ಕೈಹಾಕಿದರು. ಮೀನು ಒಣಗಿಸುವ ಹೆಂಗಸರು, ದೋಣಿಯವರು ವರ್ಷಗಳಿಂದ ಬೇಡ ಅನ್ನುತ್ತಿದ್ದಾರೆ. ಕಡಲಾಮೆ ಮೊಟ್ಟೆಯಿಡುವ ಮರಳು ಅದು. ಸರ್ವೆಗೆ ಪೊಲೀಸ್ ಕಾವಲು, ನಿಷೇಧಾಜ್ಞೆ ಎಲ್ಲ ಬಂದವು. ಒಂದು ಕಡೆ ಬಾವುಟ ಹಾರಿಸಿ ತೀರ ಚಂದ ಅಂದರು, ಅದರ ಪಕ್ಕದಲ್ಲೇ ಆ ಚಂದವನ್ನು ಇಷ್ಟು ದಿನ ಕಾದವರನ್ನು ಏಳಿ ಅಂದರು. ಮೀನು ಒಣಗಿಸುವ ವಾಸನೆ ಪ್ರವಾಸಿಗರಿಗೂ ಆಗುವುದಿಲ್ಲ, ಬಂದರಿನವರಿಗೂ ಆಗುವುದಿಲ್ಲ.

ನೆಂಟರ ಪ್ರಶ್ನೆಗೆ ಬರುತ್ತೇನೆ. ಊರು ಉದ್ಧಾರ ಆಗೋದು ಯಾವಾಗ ಅಂದರಲ್ಲ, ಅದಕ್ಕೆ ಏನು ಬೇಕು ಅಂತ ಹೇಳುತ್ತೇನೆ. ತುಮರಿಯಲ್ಲಿ ರಾತ್ರಿ ಹೊತ್ತೂ ಡಾಕ್ಟರು ಬೇಕು. ಮಳೆಯಲ್ಲಿ ಸಾಯದ ಕರೆಂಟು ಬೇಕು. ಗುಡ್ಡ ಹತ್ತದೆ ಸಿಗುವ ನೆಟ್‌ವರ್ಕ್ ಬೇಕು. ಮುಳುಗಡೆಯವರಿಗೆ ಹಕ್ಕುಪತ್ರ ಬೇಕು. ಒಳಹಳ್ಳಿಗಳಲ್ಲಿ ಮಕ್ಕಳು ಮಳೆಗಾಲಕ್ಕೆ ದಾಟುವ ಅಡಿಕೆ ಮರದ ಸಂಕದ ಬದಲು ಒಂದೊಂದು ಕಾಲುಸೇತುವೆ ಬೇಕು. ಇದೂ ಅಭಿವೃದ್ಧಿಯೇ ತಾನೆ? ಇದಕ್ಕೆ ಯಾರೂ ಸರ್ವೆ ಮಾಡಲು ಬರುವುದಿಲ್ಲ, ಅಷ್ಟೆ.

ಊರಿನವರಿಗೆ ಒಂದು ಮಾತು. ಮುಂದಿನ ಬುಧವಾರ ಗ್ರಾಮಸಭೆ ಇದೆ. ಹಿನ್ನೀರಿನ ದಡದಲ್ಲಿ ಟೆಂಟ್ ಹಾಕಲು ಯಾರು ಅನುಮತಿ ಕೊಡುತ್ತಾರೆ, ಕಸ ಯಾರು ಎತ್ತುತ್ತಾರೆ, ಹೋಂಸ್ಟೇಯಿಂದ ಪಂಚಾಯಿತಿಗೆ ಎಷ್ಟು ಬರುತ್ತದೆ, ಅದರಲ್ಲಿ ನನ್ನ ಮೈದುನ ಎಷ್ಟು ಕಟ್ಟಿದ್ದಾನೆ, ಎಲ್ಲ ಕೇಳುವುದಿದೆ. ಹೊಳೆಗೆ ಇಳಿಯುವ ಕಾಲುದಾರಿ ಹಳೆಯ ನಕ್ಷೆಯಲ್ಲಿ ಇದೆಯಂತೆ, ಅದರ ನಕಲಿಗೆ ಅರ್ಜಿ ಕೊಟ್ಟಿದ್ದೇನೆ. ಕೋರಂ ಇಲ್ಲ ಅಂತ ಮುಂದೂಡದ ಹಾಗೆ ಬೆಳಿಗ್ಗೆ ಹನ್ನೊಂದಕ್ಕೇ ಬನ್ನಿ. ಅತ್ತೆ ಬರುತ್ತಾರೆ.